ಜಿದ್ದಾದ ಬಿಸಿಲಲ್ಲಿ ಕೊಂಡ ಧ್ರುವದ ಕೋಟು

ಎಂಬತ್ತು ರಿಯಾಲ್ ತೆತ್ತು ನಾನೊಂದು ತುಪ್ಪಳದ ಕೋಟು ಕೊಂಡೆ; ಸೌದಿಯ ಜಿದ್ದಾದಲ್ಲಿ, ಅದೂ ಮೇ ತಿಂಗಳಲ್ಲಿ, ಸುಮ್ಮನೆ ಕೈಮೇಲೆ ಹಾಕಿಕೊಂಡರೂ ಮೊಣಕೈವರೆಗೆ ಬೆವರಿಳಿಯುವ ಕಾಲದಲ್ಲಿ. ನೀವು ನಗಬಹುದು. ಆದರೆ ಮಾರುವಾಕೆ ಹೇಳಿದ್ದು ನೂರೈವತ್ತು, ನಾನು ಕೇಳಿದ್ದು ಐವತ್ತಕ್ಕೆ, ಕೊನೆಗೆ ಆಕೆ ಬಿಟ್ಟಿಯಾಗಿಯೇ ಒಯ್ಯಿರಿ ಎಂದಾಗ ಬೆಲೆಯನ್ನು ಎಂಬತ್ತಕ್ಕೆ ಏರಿಸಿದವನು ನಾನೇ ಎಂದು ತಿಳಿದರೆ, ನನ್ನನ್ನು ಬಲ್ಲವರು ನಗುವುದಿಲ್ಲ. ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ.

ಎಂಬತ್ತರ ದಶಕದ ಆ ವರ್ಷಗಳಲ್ಲಿ ನನ್ನದು ಹಳೆಯ ಸಾಮಾನಿನ ವ್ಯಾಪಾರ. ಕರಾರು ಮುಗಿದ ವಿದೇಶೀಯರು ತಾಯ್ನಾಡಿಗೆ ಹೊರಡುವ ಮುನ್ನ ಸಂಸಾರವನ್ನೆಲ್ಲ ಅಂಗಳದಲ್ಲಿ ಹರಡಿ ಮಾರುತ್ತಿದ್ದರು. ಕುಂದಾಪುರದ ಕಡೆಯಿಂದ ಬರಿಗೈಯಲ್ಲಿ ಬಂದ ನಾನು ಆ ಅಂಗಳಗಳಲ್ಲೇ ಮನುಷ್ಯನಾದೆ. ನನ್ನ ಚೌಕಾಶಿ ಶಾಸ್ತ್ರದಲ್ಲಿ ಎರಡೇ ಸೂತ್ರ: ಮೊದಲು ವಸ್ತುವನ್ನು ಹಳಿಯಬೇಕು, ಆಮೇಲೆ ಅದಕ್ಕಾಗಿ ಹಂಬಲಿಸುವ ಬಡ ನೆಂಟನೊಬ್ಬನನ್ನು ಸೃಷ್ಟಿಸಬೇಕು. ತೊಟ್ಟಿಲು ಕಂಡರೆ ಬಾಣಂತಿ ನಾದಿನಿ, ಹೊಲಿಗೆ ಯಂತ್ರ ಕಂಡರೆ ವಿಧವೆ ಚಿಕ್ಕಮ್ಮ. ಆ ಕಾಲದಲ್ಲಿ ನನಗಿದ್ದಷ್ಟು ದೀನ ಬಂಧುಗಳು ನಮ್ಮ ಇಡೀ ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಕೋಟಿನ ಒಡತಿ ಇಂಗ್ರಿಡ್ ಎಂಬ ನರ್ಸು. ಉತ್ತರದ ಹಿಮದ ನಾಡಿನವಳು, ತಲೆ ನರೆತವಳು. ನಾನು ಪದ್ಧತಿಯಂತೆ ಮುಖ ಸಿಂಡರಿಸಿದೆ: ಎಡತೋಳು ಸುಟ್ಟಿದೆ, ಎಂಜಿನ್ ಎಣ್ಣೆಯ ವಾಸನೆ ಹೊಡೆಯುತ್ತಿದೆ, ಕಾಲರಿನ ತುಪ್ಪಳ ಉದುರಿದೆ. ಆಮೇಲೆ, ತಾಯಿಫ್ ಬೆಟ್ಟದೂರಲ್ಲವೇ, ಅಲ್ಲಿರುವ ನನ್ನ ಭಾವ ಪಾಪ ಚಳಿಗೆ ನಡುಗುತ್ತಿದ್ದಾನೆ ಎಂದೆ. ಭಾವ ಇದ್ದದ್ದು ನಿಜ. ನಡುಕ ಮಾತ್ರ ನನ್ನ ಸ್ವಂತ ರಚನೆ. ಕೋಟನ್ನು ನಾನು ಮನಸ್ಸಿನಲ್ಲೇ ಆಗಲೇ ಒಬ್ಬ ಲೆಬನಾನಿ ವ್ಯಾಪಾರಿಗೆ ಮಾರಿಯಾಗಿತ್ತು. ಹೋಟೆಲ್ ಗೋಡೆಗಳಿಗೆ ಹಳೆಯ ಸಾಮಾನು ತೂಗುಹಾಕುವುದು ಅವನ ಕಸುಬು.

ಇಂಗ್ರಿಡ್ ಮಾತ್ರ ಭಾವನ ಚಳಿಯ ಮಾತು ಕೇಳಿ ಕುರ್ಚಿಯಲ್ಲಿ ಕೂತೇಬಿಟ್ಟಳು. ನಿಜವಾಗಿಯೂ ಚಳಿಯೇ ಎಂದು ಎರಡು ಸಲ ಕೇಳಿದಳು. ಕೋಟು ಅವಳ ಅಪ್ಪನದು. ಮೀನುಗಾರರ ಮನೆಯಲ್ಲಿ ಹುಟ್ಟಿದ ಆ ಪುಣ್ಯಾತ್ಮ, ವಿಮಾನಕ್ಕೆ ಚಕ್ರದ ಬದಲು ಮರದ ಜಾರುಪಟ್ಟಿ ಕಟ್ಟಿ ಉತ್ತರ ಧ್ರುವಸೀಮೆಯ ಮಂಜುಗಡ್ಡೆಯ ಮೇಲೆ ಇಳಿದ ಮೊದಲಿಗರಲ್ಲಿ ಒಬ್ಬ. ದಿಕ್ಸೂಚಿಯೂ ತಬ್ಬಿಬ್ಬಾಗುವ ಆ ಪ್ರದೇಶದಲ್ಲಿ ಸೂರ್ಯನನ್ನು ನೋಡಿಯೇ ದಾರಿ ಹಿಡಿಯುತ್ತಿದ್ದವನು. ಇಳಿದೊಡನೆ ಎಂಜಿನ್ನಿನ ಎಣ್ಣೆಯನ್ನು ಬಿಸಿಯಿರುವಾಗಲೇ ಡಬ್ಬಕ್ಕೆ ಬಸಿದು, ಹೆಪ್ಪುಗಟ್ಟದಂತೆ ಮಗುವಿನ ಹಾಗೆ ಒಲೆಯ ಬಳಿ ಕಾಪಾಡಿ, ಹೊರಡುವಾಗ ಮತ್ತೆ ಹೊಯ್ಯಬೇಕಿತ್ತಂತೆ. ತಾನು ಉಣ್ಣುವ ಮೊದಲು ಎಣ್ಣೆಯ ಯೋಗಕ್ಷೇಮ ನೋಡಬೇಕೆಂಬ ಅವನ ಪಾಠವನ್ನೇ ಅವನ ಶಿಷ್ಯರು ತಮ್ಮ ಶಿಷ್ಯರಿಗೂ ಕಲಿಸಿದರಂತೆ. ನಾನು ಹಳಿದ ವಾಸನೆ ಆ ಎಣ್ಣೆಯದು. ತೋಳಿನ ಸುಟ್ಟ ಗುರುತು ಆ ಒಲೆಯದು.

ಆದರೆ ಧ್ರುವಬಿಂದುವನ್ನು ಅವನು ಮುಟ್ಟಲಿಲ್ಲ. ಇನ್ನೇನು ಗಂಟೆಯೊಂದರ ದಾರಿ ಎನ್ನುವಾಗ ಹಿಂದೆ ಕೂತಿದ್ದ ಮೆಕ್ಯಾನಿಕ್ಕಿನ ಪಾದಗಳು ಮರಗಟ್ಟತೊಡಗಿದವು. ಅವಳ ಅಪ್ಪ ತನ್ನ ಕೋಟು ಬಿಚ್ಚಿ ಆ ಕಾಲುಗಳಿಗೆ ಸುತ್ತಿಸಿ, ವಿಮಾನ ತಿರುಗಿಸಿದ. ಹಾರ ತುರಾಯಿಗಳೆಲ್ಲ ಬೇರೊಬ್ಬನ ಕೊರಳಿಗೆ ಬಿದ್ದವು. ಸಾಯುವಾಗ ಮಗಳಿಗೆ ಅವನು ಹೇಳಿದ್ದು ಒಂದೇ: ಕೋಟನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡ, ಚಳಿಯಾಗುವವನಿಗೆ ಕೊಡು. ಅವಳ ದುರದೃಷ್ಟ ನೋಡಿ, ನೌಕರಿ ಸಿಕ್ಕಿದ್ದೆಲ್ಲ ಮರಳುಗಾಡಿನ ಆಸ್ಪತ್ರೆಗಳಲ್ಲೇ. ಈಗ ಶುಕ್ರವಾರ ವಿಮಾನ. ಊರಿನಲ್ಲಿ ವಸ್ತುಸಂಗ್ರಹಾಲಯದವರು ಗಾಜಿನ ಪೆಟ್ಟಿಗೆಯನ್ನು ಒರೆಸಿಟ್ಟು ಕಾಯುತ್ತಿದ್ದಾರೆ. ನಿಮ್ಮ ಭಾವನಿಗಾದರೆ ಹಣ ಬೇಡ, ಅವರು ಇದನ್ನು ತೊಟ್ಟ ಫೋಟೋ ಒಂದನ್ನು ನಾನು ಹೊರಡುವುದರೊಳಗೆ ತಂದುಕೊಡಿ ಎಂದಳು.

ಸುಳ್ಳುಗಾರನಿಗೂ ಒಂದು ಮಾನವಿರುತ್ತದೆ. ಬಿಟ್ಟಿ ಒಯ್ಯಲಾರದೆ ಎಂಬತ್ತು ರಿಯಾಲನ್ನು ಅವಳ ಮೇಜಿನ ಮೇಲಿಟ್ಟು ಓಡಿಬಂದೆ. ಫೋಟೋ ತೆಗೆದುಕೊಟ್ಟರಾಯಿತು, ಆಮೇಲೆ ಕೋಟು ಆ ಲೆಬನಾನಿ ವ್ಯಾಪಾರಿಗೆ ಎಂಬ ಯೋಚನೆ ಆಗಲೂ ಸತ್ತಿರಲಿಲ್ಲವೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಬುಧವಾರ ಕ್ಯಾಮೆರಾ ಎರವಲು ಪಡೆದು, ಮಕ್ಕಾದ ದಾರಿ ಮುಸ್ಲಿಮರಲ್ಲದ ನಮ್ಮಂಥವರಿಗಲ್ಲವಾದ್ದರಿಂದ ಬಳಸು ರಸ್ತೆ ಹಿಡಿದು, ತಿರುವುಗಳನ್ನೇರಿ ತಾಯಿಫ್ ತಲುಪಿದೆ. ಅಕ್ಕನ ಗಂಡ ಶೀನ ಭಾವ ಅಲ್ಲಿ ಹೆಪ್ಪುಗಟ್ಟಿಸಿದ ಕೋಳಿಯ ಕೋಲ್ಡ್ ಸ್ಟೋರೇಜಿನಲ್ಲಿದ್ದ. ಎರಡು ವರ್ಷದಿಂದ ನಾನು ಅತ್ತ ತಲೆ ಹಾಕಿರಲಿಲ್ಲ. ಕೆಲಸದ ಜಾಗವನ್ನಂತೂ ಕಂಡೇ ಇರಲಿಲ್ಲ. ದಪ್ಪ ಬಾಗಿಲು ತೆರೆದು ಹೊಗೆಯಂಥ ಮಂಜಿನೊಳಗಿಂದ ಭಾವ ಹೊರಬಂದ. ಎರಡು ಸ್ವೆಟರ್, ಮೇಲೊಂದು ಗೋಣಿ, ಕಿವಿಗೆ ಹರಕು ಟವೆಲ್, ಹುಬ್ಬಿನ ಮೇಲೆ ಬಿಳಿ ಹಿಮ.

"ಎಂತ ಮಾರಾಯ, ಈಗ ದಾರಿ ಗೊತ್ತಾಯ್ತಾ ನಿಂಗೆ?"

"ಒಂದು ಫೋಟೋ ತೆಗೀಲಿಕ್ಕಿತ್ತು ಭಾವ. ಇದೊಂದು ಹಾಕಿ ನಿಲ್ಲಿ."

ಹಾಕಿದ. ಕೋಳಿಯ ಪೆಟ್ಟಿಗೆಗಳ ನಡುವೆ ನಿಂತ. ಫೋಟೋ ಆಯಿತು. ಕೋಟು ಬಿಚ್ಚುವ ಬದಲು ಒಳಗೆ ಹೋಗಿ ಪೆಟ್ಟಿಗೆ ಹೊರತೊಡಗಿದ.

"ಭಾವ, ಬನ್ನಿ ಮಾರಾಯ್ರೆ, ಕೋಟು ವಾಪಸ್ ಬೇಕು!"

"ವಾಪಸ್ ಎಂತದು? ಮೂರು ವರ್ಷ ಆಯ್ತು ಈ ಬೆನ್ನು ಬೆಚ್ಚಗಾಗದೆ. ಹೆಚ್ಚು ಮಾತಾಡಿದ್ರೆ ನಿನ್ನ ಅಕ್ಕನಿಗೆ ಕಾಗದ ಬರೀತೆ, ನೋಡು!"

ನನ್ನ ಮನಸ್ಸಿನೊಳಗಿನ ಲೆಬನಾನಿ ಆ ಕ್ಷಣಕ್ಕೆ ಸತ್ತ. ಚಹಾ ಕುಡಿಯುತ್ತ ನಾನು ಕೋಟಿನ ಕತೆಯನ್ನೆಲ್ಲ ಹೇಳಿದೆ. ಭಾವ ಸುಟ್ಟ ತೋಳನ್ನು ಸವರುತ್ತ ಕೇಳಿ, ಕೊನೆಗೆ ಕೇಳಿದ್ದು ಇಷ್ಟೇ:

"ಆ ಮೆಕ್ಯಾನಿಕ್ಕಿನ ಕಾಲು ಉಳೀತಾ?"

ನನಗೆ ಗೊತ್ತಿರಲಿಲ್ಲ. ಕೋಟಿನ ಹೊಲಿಗೆ ಹೊಲಿಗೆಯನ್ನು ಪರೀಕ್ಷಿಸಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಗುರುವಾರ ಸಂಜೆ ಫೋಟೋ ಕೊಟ್ಟು, ಭಾವನ ಪ್ರಶ್ನೆಯನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಇಂಗ್ರಿಡ್ ಫೋಟೋದ ಹಿಮದ ಹುಬ್ಬುಗಳನ್ನೇ ನೋಡುತ್ತಿದ್ದವಳು ಜೋರಾಗಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಎರಡು ಬೆರಳು ಹೋದವು, ಕಾಲು ಉಳಿಯಿತು, ನನಗೆ ಕುಣಿಯಲು ಕಲಿಸಿದ್ದೇ ಅವರು ಎಂದಳು. ಈ ಕತೆ ಕೇಳಿದವರೆಲ್ಲ ಅಪ್ಪ ಧ್ರುವ ಮುಟ್ಟಿದರೇ ಎಂದು ಕೇಳುತ್ತಾರೆ, ಮೆಕ್ಯಾನಿಕ್ಕಿನ ಕಾಲನ್ನು ಕೇಳಿದವರು ನಿಮ್ಮ ಭಾವ ಒಬ್ಬರೇ ಎಂದಳು.

ಆದ್ದರಿಂದ ಓದುಗರೇ, ಅನುಭವಸ್ಥನ ಮಾತು ಕೇಳಿ. ಹಳೆಯ ತುಪ್ಪಳದ ಕೋಟನ್ನು ಲಾಂಡ್ರಿಗೆ ಹಾಕಬೇಡಿ, ನೆರಳಿನಲ್ಲಿ ಗಾಳಿಗೆ ಆರಿಸಿ. ಕಲೆ ಕಂಡರೆ ಬೆಲೆ ಇಳಿಸುವ ಮುಂಚೆ ಅದು ಯಾವುದರ ಕಲೆ ಎಂದು ಕೇಳಿ. ಚೌಕಾಶಿಗೆ ನೆಂಟ ಬೇಕೇ ಬೇಕೆಂದರೆ ಇರುವ ನೆಂಟನನ್ನೇ ಹೇಳಿ. ಹೇಳುವ ಮೊದಲು ಅವನು ದುಡಿಯುವ ಜಾಗಕ್ಕೊಮ್ಮೆ ಹೋಗಿ, ಬಾಗಿಲು ತೆಗೆಸಿ, ಒಳಗೆ ಐದು ನಿಮಿಷ ನಿಂತು ಬನ್ನಿ.