ಮೊಮ್ಮಗಳ ಬೆಳಗಿನ ವಾಂತಿ

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಆದರೂ ಇದನ್ನು ಬರೆಯದೆ ಇರಲಾರೆ. ಮೊಮ್ಮಗಳು ಪಕ್ಕದಲ್ಲೇ ಮಲಗಿ ಕಾಲು ಬಡಿಯುತ್ತಿದ್ದಾಳೆ, ಒಂದು ಸಾಲು ಬರೆದರೆ ಎರಡು ಸಲ ಅವಳ ಮುಖ ನೋಡುತ್ತೇನೆ. ಮಗನ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು! ನಿಪ್ಪಾಣಿಯಲ್ಲಿ ನಮ್ಮ ಗಲ್ಲಿಯ ಮನೆಮನೆಗೂ ಪೇಢೆ ಹಂಚಿದವಳು ನಾನೇ.

ಮೂರನೆಯ ತಿಂಗಳಲ್ಲಿ ಕೂಸಿಗೆ ವಾಂತಿ ಶುರುವಾಯಿತು, ದಿನಾ ಬೆಳಿಗ್ಗೆ. ಜೊಲ್ಲು ಸುರಿಯುತ್ತಿತ್ತು, ಮುಖ ಬಿಳಚುತ್ತಿತ್ತು, ಹಣೆ ತಣ್ಣಗೆ ಬೆವರುತ್ತಿತ್ತು, ಕುಡಿದ ಹಾಲೆಲ್ಲ ಹೊರಗೆ ಬರುತ್ತಿತ್ತು. ಮಧ್ಯಾಹ್ನವಾದರೆ ಏನೂ ಆಗದವಳಂತೆ ಆಡುವಳು. ದಿನ ಕಳೆದಂತೆ ಗುಂಡನೆಯ ತೊಡೆ ಸೊರಗಿತು. ಕೂಸು ಕೈಜಾರೀತೆಂದು ನನಗೆ ಅನ್ನ ಇಳಿಯದಾಯಿತು.

ನನ್ನ ಗುಮಾನಿ ಮೊದಲು ಹೋದದ್ದು ಎದುರು ಮನೆಯವಳ ಮೇಲೆ. "ಎಷ್ಟ ಗುಂಡಗೈತಿ ಬೇ ಕೂಸು!" ಎಂದು ಅವಳು ಅಂದ ಮರುದಿನವೇ ವಾಂತಿಯಾಗಿತ್ತು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದೆ.

"ನೋಡು, ಘಾಟ ಬರಲಿಲ್ಲ. ಕಣ್ಣ ಬಿದ್ದೈತಿ" ಅಂದೆ.

ಸೊಸೆ ಬಾಯಿಗೆ ಸೆರಗು ಹಿಡಿದು, "ಅತ್ತಿ, ನನಗ ಕೆಮ್ಮ ಬರಾಕತ್ತೈತ್ರಿ" ಅಂದಳು.

"ಅದ ಬ್ಯಾರೆ ಕೆಮ್ಮು" ಅಂದೆ.

ಅಂದಿನಿಂದ ಎದುರು ಮನೆಯವಳ ದನಿ ಕೇಳಿದರೆ ನಾನು ಬಾಗಿಲು ಹಾಕುತ್ತಿದ್ದೆ. ವಾಂತಿ ನಿಲ್ಲಲಿಲ್ಲ. ಆಮೇಲೆ ಗುಮಾನಿ ಸೊಸೆಯ ಕಡೆ ತಿರುಗಿತು. ಹಾಲೂಡಿಸುವ ತಾಯಿ ಏನಾದರೂ ತಿಂದರೆ ಕೂಸಿಗೆ ತಟ್ಟದೆ ಬಿಡುತ್ತದೆಯೇ? ಅವಳ ತಾಟು ಮೂಸಿದೆ. ಕಸದ ಬುಟ್ಟಿ ಕೆದರಿದೆ.

"ಈ ಎಣ್ಣಿ ಕಾಗದ ಯಾರದ?"

"ನಿಮ್ಮ ಮಗಂದ್ರಿ."

ನಾನು ನಂಬಲಿಲ್ಲ.

ಕಡೆಗೆ ಚಿಕ್ಕೋಡಿಯ ಮಕ್ಕಳ ಡಾಕ್ಟರಬಾಯಿಯ ಹತ್ತಿರ ಹೋದೆವು. ಸೊಸೆ ಬಾಯಿ ತೆರೆಯುವ ಮೊದಲೇ ನಾನು, "ಬಾಯಾರ, ಎದುರ ಮನಿಯಾಕಿ ಕಣ್ಣು, ಮ್ಯಾಲ ಈಕಿ ಬಾಯಿಚಪಲ. ಎರಡೂ ಕೂಡಿ ಹಿಂಗಾಗೈತ್ರಿ" ಎಂದುಬಿಟ್ಟೆ.

ಅವರು ಕೂಸಿನ ಹೊಟ್ಟೆ ಒತ್ತಿ ನೋಡಿದರು, ತೂಕ ಮಾಡಿದರು. ದಿನಾ ಬೆಳಿಗ್ಗೆ ವಾಂತಿ ಎಂದು ಸೊಸೆ ಹೇಳಿದಳು. ಆಮೇಲೆ, "ವಾಂತಿ ಯಾವಾಗ ಆಗತೈತಿ ಅಂತ ಹೇಳಿದ್ರಿ. ಯಾವಾಗ ಆಗಿಲ್ಲ, ಅದನ್ನ ಹೇಳ್ರಿ" ಅಂದರು.

ಅದನ್ನು ನಾವು ಯಾರೂ ಯೋಚಿಸಿರಲಿಲ್ಲ. ಸೊಸೆ ಬೆರಳು ಮಡಿಚಿ ಲೆಕ್ಕ ಹಾಕಿದಳು. "ಹ್ವಾದ ವಾರ ಮೂರ ದಿನ ಒಮ್ಮಿನೂ ಆಗಿಲ್ರಿ. ಅತ್ತಿ ಅಥಣಿಗಿ ಹೋಗಿದ್ರು."

"ಆಗ ಎದುರ ಮನಿಯವ್ರು ಬಂದಿದ್ರೇನು?"

"ದಿನಾ ಬಂದ ಎತ್ತಿ ಆಡಸ್ಯಾರ್ರಿ."

ನನಗೆ ಮೈ ಉರಿಯಿತು.

"ನೀವ ಏನ ತಿಂದಿದ್ರಿ?"

ಸೊಸೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. "ಎರಡ ದಿನ ಮಿಸಳ ತಿಂದೀನ್ರಿ. ಖಾರಾನೂ ಭಾಳ ಇತ್ತು."

ಎದುರು ಮನೆಯವಳೂ ಇದ್ದಳು, ಮಿಸಳವೂ ಇತ್ತು, ಆದರೂ ಕೂಸು ನಗುತ್ತಿತ್ತು. ಆ ಮೂರು ದಿನ ಮನೆಯಲ್ಲಿ ಇಲ್ಲದ್ದು ನಾನೊಬ್ಬಳೇ.

"ಆಯಿ, ಮುಂಜಾನೆ ಎದ್ದ ಏನೇನ ಮಾಡತೀರಿ, ಒಂದೊಂದ ಹೇಳ್ರಿ."

ಹೇಳಿದೆ. ಮೊದಲು ಹಲ್ಲಿಗೆ ಮಿಶ್ರಿ ತಿಕ್ಕುತ್ತೇನೆ. ತಂಬಾಕು ಹುರಿದು ಪುಡಿ ಮಾಡಿದ್ದು, ನಮ್ಮ ಕಡೆಯ ಹೆಂಗಸರಿಗೆ ಅದಿಲ್ಲದೆ ಬೆಳಗಾಗದು. ಬಾಯಿ ಮುಕ್ಕಳಿಸಿ, ಕಲ್ಲಿನ ಮೇಲೆ ಬಜೆ, ಅಳಲೆಕಾಯಿ ತೇಯ್ದು, ಮೂರನೆಯ ತಿಂಗಳು ಹಿಡಿದಾಗಿನಿಂದ ಕೂಸಿಗೆ ನಾನೇ ಗುಟ್ಟಿ ನೆಕ್ಕಿಸುತ್ತೇನೆ.

"ಯಾವ ಬೆರಳಲೆ?"

ನಾನು ತೋರುಬೆರಳು ಎತ್ತಿದೆ. ಮಿಶ್ರಿ ತಿಕ್ಕುವುದೂ ಅದರಿಂದಲೇ. ಉಗುರಿನ ಸಂದಿಯಲ್ಲಿ ನಲವತ್ತು ವರ್ಷದ ಕಪ್ಪು. ಡಾಕ್ಟರಬಾಯಿ ಬಗ್ಗಿ ಅದನ್ನು ಮೂಸಿದರು.

"ತಂಬಾಕದ್ದ ಅಂತ ನನಗ ಅನಸತೈತಿ. ಗುಟ್ಟಿ ಬಂದ ಮಾಡ್ರಿ, ಕೂಸಿಗಿ ತಾಯಿ ಹಾಲ ಅಷ್ಟ ಸಾಕು. ಆದ್ರೂ ವಾಂತಿ ಆತಂದ್ರ ಬ್ಯಾರೆ ಕಾರಣ ಹುಡಕೋಣು."

ಬಸ್ಸಿನಲ್ಲಿ ಇಡೀ ದಾರಿ ನನಗೆ ಡಾಕ್ಟರಬಾಯಿಯ ಮೇಲೂ ಗುಮಾನಿ. ಸೊಸೆ ಮೊದಲೇ ಫೋನಿನಲ್ಲಿ ಹೇಳಿಕೊಟ್ಟಿದ್ದಳೋ ಏನೋ! ಮರುದಿನ ಬೆಳಿಗ್ಗೆ ಕೂಸಿನ ಮುಂದೆ ಕಣ್ಣು ಕೀಲಿಸಿ ಕೂತೆ. ವಾಂತಿಯಾದರೆ ನಾನು ಬಚಾವು, ಆಗದಿದ್ದರೆ ಕೂಸು ಬಚಾವು. ಬಿಸಿಲು ಅಂಗಳಕ್ಕೆ ಬಂತು. ವಾಂತಿ ಆಗಲಿಲ್ಲ. ಎಂಟು ದಿನವಾದರೂ ಆಗಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಾಗಿಯೂ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ, ಅತ್ತುಬಿಟ್ಟೆ. ಮಿಶ್ರಿ ಡಬ್ಬಿಯನ್ನು ಗಟಾರಕ್ಕೆ ಸುರಿದೆ.

ಸೊಸೆ ಈಗಲೂ ಕೂಸನ್ನು ಕೊಡುವ ಮೊದಲು, "ಅತ್ತಿ, ಕೈ" ಅನ್ನುತ್ತಾಳೆ. ಹತ್ತೂ ಬೆರಳು ಚಾಚುತ್ತೇನೆ. ಒಂದೊಂದಾಗಿ ಮೂಸುತ್ತಾಳೆ. ನಿನ್ನೆ ಹೆಬ್ಬೆರಳನ್ನು ಎರಡು ಸಲ ಮೂಸಿದಳು.

"ಏನೋ ವಾಸನಿ ಬರತೈತ್ರಿ."

"ಬಳ್ಳೊಳ್ಳಿ ಬೇ. ಈಗರೆ ಸುಲದ ಬಂದೀನಿ."

"ತೊಳಕೊಂಡ ಬರ್ರಿ."

ಹೋಗಿ ಸಾಬೂನು ಹಚ್ಚಿ ತೊಳೆದುಕೊಂಡು ಬಂದೆ. ಕೂಸನ್ನು ಕೊಟ್ಟಳು.