ಕರೆಂಟ್ ಹೋದಾಗ ಬೇಕಾಗುವ ಕೋಡ್

ಗೆಳೆಯರೇ, ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಯುನಿಕ್ಸ್ ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಬಳಸುವ ಹಳೆಯ ಎಡಿಟರ್ ಒಂದರ ಸೋರ್ಸ್ ಕೋಡನ್ನು ಕಡೂರಿನಲ್ಲಿ ನಾನು, ತರೀಕೆರೆಯಲ್ಲಿ ಸಲೀಂ ನೋಡಿಕೊಳ್ಳುತ್ತೇವೆ. ಅದನ್ನೇ ಬಳಸುವ ಅಜ್ಜಂಪುರದ ಜಯಮ್ಮ ಟೀಚರ್ ಫೋನ್ ಮಾಡಿದರು: "ಏನಪ್ಪಾ, ಮೊದ್ಲು ಕರೆಂಟ್ ಹೋದ್ರೂ ಟೈಪ್ ಮಾಡಿದ್ದು ವಾಪಸ್ ಬರ್ತಿತ್ತು. ಇವತ್ತು ಪ್ರಶ್ನೆಪತ್ರಿಕೆ ಪೂರ್ತಿ ಹೋಯ್ತು. ನಾಳೆ ಪರೀಕ್ಷೆ!"

ನೋಡಿದರೆ, ಟೈಪ್ ಮಾಡಿದ್ದನ್ನು ಆಗಾಗ ಉಳಿಸಿಡುತ್ತಿದ್ದ ಕೋಡನ್ನೇ ಹೊಸ ಆವೃತ್ತಿಯಲ್ಲಿ ಸಲೀಂ ಕಿತ್ತುಹಾಕಿದ್ದಾನೆ. "ಇದನ್ನು ಮುಟ್ಟಬೇಡಿ" ಎಂದು ಹಿಂದಿನವರು ಬರೆದಿಟ್ಟಿದ್ದ ಟಿಪ್ಪಣಿಯ ಸಮೇತ.

ಸಲೀಂಗೆ ಫೋನ್ ಮಾಡಿದೆ. "ಯಾಕೋ ತೆಗೆದೆ?"

"ಹಳೇ ಕಸ ಕಣೋ. ಈಗ ಎಲ್ಲರ ಹತ್ರಾನೂ ಬ್ಯಾಟರಿ ಇರುತ್ತೆ."

"ಲೇ, ಟೀಚರ್ ಹತ್ರ ಇಲ್ಲ!" ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.

ಕೋಡನ್ನು ವಾಪಸ್ ಸೇರಿಸಿದೆ. ಟೀಚರ್ ಮೊದಲಿನಿಂದ ಟೈಪ್ ಮಾಡುತ್ತಿದ್ದಾರೆ. ಸಂಜೆ ಸಲೀಂನ ಮೆಸೇಜ್ ಬಂತು. ತರೀಕೆರೆಯಲ್ಲಿ ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲವಂತೆ. ಫೋನಿನಲ್ಲಿ ಬ್ಯಾಟರಿ ಇತ್ತಂತೆ, ಚಾರ್ಜ್ ಇರಲಿಲ್ಲವಂತೆ.