ನ್ಯಾಮತಿಯ ಶಾಲೆಯಲ್ಲಿ ತಲೆಕೆಳಗಾದ ನದಿ

ಭೂವಿಜ್ಞಾನಿಯಾದ ನಾನು ಚನ್ನಗಿರಿಯಿಂದ ಬಸ್ಸಿನಲ್ಲಿ ನ್ಯಾಮತಿಗೆ ಹೋಗಿ ಶಾಲೆಯ ಅಂಗಳ ಹೊಕ್ಕಾಗ ಮೇಸ್ತ್ರಿ ಗುಂಡಿಗೆ ಕಾಂಕ್ರೀಟು ಸುರಿದು ಮುಗಿಸಿದ್ದರು. ಹೊನ್ನಾಳಿ ರಸ್ತೆ ಅಗಲಿಸುವವರು ಒಡೆಯಲಿದ್ದ ಗುಡ್ಡದಿಂದ ನಾನು ಬೇಡಿ ಉಳಿಸಿಕೊಂಡ ಆಳೆತ್ತರದ ಮರಳುಗಲ್ಲು ಅದರಲ್ಲಿ ನಿಂತಿತ್ತು. ಹಳೆಯ ನದಿಯೊಂದರ ಪಾತ್ರವನ್ನು ಮಕ್ಕಳು ಮುಟ್ಟಿ ನೋಡಲೆಂದು ಅದನ್ನು ಶಾಲೆಗೆ ಕೊಡಿಸಿದ್ದೆ. ಈಗ ಅದು ತಲೆಕೆಳಗಾಗಿತ್ತು.

"ತಿರುಗಿಸಿ ನಿಲ್ಲಿಸ್ರಿ" ಎಂದೆ.

ಮೇಸ್ತ್ರಿ ನಕ್ಕರು. "ಕಲ್ಲಿಗೆ ತಲೆ ಯಾವುದು, ಕಾಲು ಯಾವುದು ಸಾರ್? ಅಗಲ ಇರೋದು ಕೆಳಗಿದ್ರೆ ತಾನೆ ನಿಲ್ಲಾಕೆ ಆಗೋದು?"

ಕಲ್ಲಿನ ಓರೆಗೆರೆಗಳನ್ನು ತೋರಿಸಿದೆ. ಹರಿಯುವ ನೀರು ಮರಳನ್ನು ದಿಬ್ಬವಾಗಿ ಮುಂದಕ್ಕೆ ತಳ್ಳುವಾಗ ಅದರ ಇಳಿಜಾರಿನಲ್ಲಿ ಕೂತ ಪದರಗಳೇ ಈ ಗೆರೆಗಳು. ಬುಡದಲ್ಲಿ ಅವು ಮೆಲ್ಲಗೆ ಬಾಗಿ ಒರಗುತ್ತವೆ. ನೆತ್ತಿಯನ್ನು ಮುಂದಿನ ಪ್ರವಾಹ ಕೊಚ್ಚಿಕೊಂಡು ಹೋಗುವುದರಿಂದ ಅಲ್ಲಿ ಕತ್ತರಿಸಿದಂತೆ ನಿಂತುಬಿಡುತ್ತವೆ. ಮೇಸ್ತ್ರಿ ನಿಲ್ಲಿಸಿದ ಕಲ್ಲಿನಲ್ಲಿ ಕತ್ತರಿಸಿದ ತುದಿ ಕೆಳಗಿತ್ತು. ನದಿಯ ತಳದಲ್ಲಿ ಉರುಳಿ ನುಣುಪಾದ ಬೆಣಚುಕಲ್ಲುಗಳು ಆಕಾಶ ನೋಡುತ್ತಿದ್ದವು.

ಮುಖ್ಯೋಪಾಧ್ಯಾಯಿನಿ ಹೊರಗೆ ಬಂದರು. "ನಾಳೆ ಕಾರ್ಯಕ್ರಮ ಐತೆ ಸಾರ್. ಕಾಂಕ್ರೀಟು ಬೇರೆ ಗಟ್ಟಿ ಆಗ್ತಾ ಐತೆ. ಇಷ್ಟು ಸೂಕ್ಷ್ಮ ಯಾರು ನೋಡ್ತಾರ್ರೀ?"

"ನೋಡ್ಲಿ ಅಂತಾನೇ ಅಲ್ವೇನಮ್ಮ ಇಟ್ಟಿರೋದು? ಗಟ್ಟಿಯಾದ ಮೇಲೆ ಕಿತ್ರೆ ಕಲ್ಲೇ ಸೀಳ್ತೈತೆ. ಈಗಲೇ ತೆಗೆಸ್ರಿ. ಆಗಲ್ಲ ಅಂದ್ರೆ ಇದು ಅಲಂಕಾರದ ಕಲ್ಲು ಅಂತ ಬರೆಸ್ರಿ, ನದಿಯ ಹೆಸರು ಎತ್ತಬೇಡ್ರಿ."

ಅವರು ನದಿಯ ಕಲ್ಲೆಂದು ಆಗಲೇ ಬರೆಸಿಟ್ಟಿದ್ದ ಫಲಕ ತೋರಿಸಿದರು. ಅದರಲ್ಲಿ ಕಲ್ಲಿನ ವಯಸ್ಸೂ ಇತ್ತು. ಅದು ಜಗಳೂರು ಕಡೆಯ ಬೇರೊಂದು ಬಂಡೆಯ ಅಂಕಿ. ನಮ್ಮ ಗುಡ್ಡದ ವಯಸ್ಸನ್ನು ಅಳೆದ ವರದಿಗಾಗಿ ನಾನು ಹುಡುಕದ ಗ್ರಂಥಾಲಯವಿಲ್ಲ, ಸಿಕ್ಕಿಲ್ಲ. ಆ ಅಂಕಿಯನ್ನೂ ಅಳಿಸಲು ಹೇಳಿದೆ. ನದಿ ಹರಿದದ್ದು ಕಲ್ಲಿನಲ್ಲಿ ಕಾಣುತ್ತದೆ, ಯಾವಾಗ ಎಂಬುದು ಗೆರೆಗಳಲ್ಲಿ ಕಾಣುವುದಿಲ್ಲ.

"ಮಕ್ಕಳು ವಯಸ್ಸು ಕೇಳಿದ್ರೆ ಏನು ಹೇಳಾಕೆ ಆಗ್ತೈತೆ?"

"ಗೊತ್ತಿಲ್ಲ ಅನ್ರಿ. ಶಾಲೆಯಲ್ಲಿ ಆ ಮಾತೂ ಒಮ್ಮೆ ಕೇಳಿಸಲಿ."

ಮುಖ ಗಂಟಿಕ್ಕಿಕೊಂಡೇ ಅವರು ಕ್ರೇನಿನವನನ್ನು ಮತ್ತೆ ಕರೆಸಿದರು. ಗುಂಡಿ ಇನ್ನಷ್ಟು ಆಳವಾಯಿತು. ಕಿರಿದಾದ ಬುಡ ಕೆಳಗಿಳಿಯಿತು.

"ವಾಲಿದ್ರೆ ನಿಮ್ಮನ್ನೇ ಆನಿಸಿ ನಿಲ್ಲಿಸ್ತೀನಿ ನೋಡ್ರಿ" ಎಂದರು ಮೇಸ್ತ್ರಿ.

ಮರುದಿನ ಅತಿಥಿಯೊಬ್ಬರು ಬುಡ ಕಿರಿದಾಗಿ ಮೇಲೆ ಅಗಲವಾಗಿ ನಿಂತ ಆ ಕಲ್ಲನ್ನು ಕಂಡು, "ಇದನ್ನ ಉಲ್ಟಾ ನಿಲ್ಲಿಸಿದ ಪುಣ್ಯಾತ್ಮ ಯಾರು?" ಎಂದು ಎಲ್ಲರೆದುರು ಕೇಳಿದರು. ಮುಖ್ಯೋಪಾಧ್ಯಾಯಿನಿ ನನ್ನತ್ತ ನೋಡಿದರು.

"ನಾನೇ" ಎಂದೆ. "ಕುರ್ಚಿಯಿಂದ ಎದ್ದು ಹತ್ತಿರ ಬರ್ರಿ, ಗೆರೆ ತೋರಿಸ್ತೀನಿ."